ಘನ ಎಂಜಿನ್ ಮೌಂಟ್: ತಯಾರಿಕೆ ಸುಲಭ, ಹೊಣೆ ದೊಡ್ಡದು

ಮುದ್ದೇಬಿಹಾಳ, ತಾಳಿಕೋಟೆ ಕಡೆಯ ವರ್ಕ್‌ಶಾಪುಗಳಲ್ಲಿ ಟ್ರಾಕ್ಟರ್ ಬಿಚ್ಚುವುದನ್ನು ಕಂಡವರಿಗೆ ಈ ವಿಷಯ ತೀರ ಹೊಸದಲ್ಲ. ಬಹುತೇಕ ಟ್ರಾಕ್ಟರುಗಳಲ್ಲಿ ಎಂಜಿನ್ನನ್ನು ರಬ್ಬರಿನ ಮೇಲೆ ಕೂರಿಸದೆ ಗೇರ್‌ಬಾಕ್ಸಿಗೆ ನೇರವಾಗಿ ಬಿಗಿಯಲಾಗುತ್ತದೆ. ಎಂಜಿನ್ನೇ ವಾಹನದ ಬೆನ್ನೆಲುಬು. ದಪ್ಪ ಬೀಡುಕಬ್ಬಿಣವು ಆ ನಡುಕವನ್ನು ತಾಳುತ್ತದೆ. ಕಾರಿನ ತಗಡಿನ ಮೈ ತಾಳದು.

ನಾಲ್ಕು ಸಿಲಿಂಡರಿನ ಸಾಮಾನ್ಯ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ನಡುಗುತ್ತದೆ. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿಯೇ ಅದು ಸೆಕೆಂಡಿಗೆ ಸುಮಾರು 27 ಹೊಡೆತಗಳಾಗುತ್ತವೆ. ಇದನ್ನು ನುಂಗುವುದೇ ರಬ್ಬರ್ ಮೌಂಟಿನ ಕೆಲಸ. ಆದರೆ ಸ್ಪರ್ಧೆಯಲ್ಲಿ ಎಂಜಿನ್ ಹೊಯ್ದಾಡಿದರೆ ಗೇರ್ ತಪ್ಪುತ್ತದೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಪಥದಲ್ಲಿ ಓಡಿಸುವವರಿಗೆ ರಬ್ಬರಿನ ಬದಲು ಉಕ್ಕು ಇಲ್ಲವೆ ಅಲ್ಯೂಮಿನಿಯಂ ತುಂಡು ಉಪಯುಕ್ತ. ಓಟ ಅಲ್ಪಕಾಲದ್ದು, ತಪಾಸಣೆ ಪದೇ ಪದೇ ನಡೆಯುತ್ತದೆ. ದಿನನಿತ್ಯದ ಕಾರಿನಲ್ಲಿ ಅದೇ ತುಂಡು ಬೋಲ್ಟುಗಳನ್ನು ಸಡಿಲಿಸಿ, ವೆಲ್ಡಿಂಗ್ ಜೋಡಣೆಗಳಲ್ಲಿ ಬಿರುಕು ತರುತ್ತದೆ.

ಕೈಯಿಂದ ತಯಾರಿಸಿದ ಮೌಂಟುಗಳಲ್ಲಿ ಒಂದು ದೋಷ ವಿಶೇಷವಾಗಿ ಗಮನಾರ್ಹ. ಒಂದು ಕಡೆ ಘನ, ಉಳಿದೆಡೆ ರಬ್ಬರ್ ಇರಿಸಿದರೆ ಭಾರವೆಲ್ಲ ಒಂದೇ ಕಿವಿಯ ಮೇಲೆ ಬಿದ್ದು ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕವಚವೇ ಒಡೆಯಬಹುದು. ಉಳಿಸಿದ್ದು ಮೌಂಟಿನ ಬೆಲೆ, ಕಳೆದುದು ಗೇರ್‌ಬಾಕ್ಸು. ಹಳೆಯ ಮೌಂಟ್ ತೆಗೆಯುವ ಮೊದಲೇ ಅಳತೆಯ ಜಿಗ್ ಮಾಡಿಕೊಳ್ಳುವುದು ಅವಶ್ಯ. ರಸ್ತೆಯ ಗ್ರಾಹಕನಿಗೆ ಗಟ್ಟಿತನವೇ ಬೇಕೆಂದಾದರೆ ಪಾಲಿಯುರೆಥೇನ್ ಬುಶ್ ಮಧ್ಯದ ಮಾರ್ಗ.

ಇನ್ನು ಲೆಕ್ಕದ ಮಾತು. ಶೇ. 28ರ ಸಾಲಿನಲ್ಲಿದ್ದ ಮೋಟಾರು ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಕೇವಲ ಸರಕು ಮಾರುವವರಿಗಿರುವ 40 ಲಕ್ಷ ರೂಪಾಯಿ ವಹಿವಾಟಿನ ವಿನಾಯಿತಿ, ಅಳವಡಿಕೆಯ ಕೂಲಿಯನ್ನೂ ಪಡೆಯುವ ವರ್ಕ್‌ಶಾಪಿಗೆ ದೊರೆಯದು. ಅದರ ಮಿತಿ 20 ಲಕ್ಷ. ಸೊಲ್ಲಾಪುರದ ಗಿರಾಕಿಗೆ ಒಂದೇ ಮೌಂಟ್ ಕಳುಹಿಸಿದರೂ ಅದು ಅಂತರರಾಜ್ಯ ಮಾರಾಟ, ನೋಂದಣಿ ಕಡ್ಡಾಯ.

ನೋಂದಣಿ ಪತ್ರದಲ್ಲಿ ಮೌಂಟಿನ ಉಲ್ಲೇಖವೇ ಇಲ್ಲವೆಂದು ವಾದಿಸುವವರುಂಟು. ಆದರೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 182ಎ ಕಲಂ, ಅನುಮತಿಯಿಲ್ಲದ ಬಿಡಿಭಾಗ ಜೋಡಣೆಯನ್ನೂ ಮಾಲೀಕನ ಅಪರಾಧವೆಂದು ಹೆಸರಿಸಿತು. ತಯಾರಕನ ಮಟ್ಟಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ ಇನ್ನೂ ಗಂಭೀರವಾದುದು: ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ಪರಿಹಾರ ಕೇಳಲು ಅದು ಅವಕಾಶ ನೀಡುತ್ತದೆ. ಆದಕಾರಣ ಬಿಲ್ಲಿನಲ್ಲಿ ಕಾರಿನ ಮಾದರಿ, ಲೋಹದ ವಿವರ ಹಾಗೂ 'ಸ್ಪರ್ಧಾ ಉಪಯೋಗಕ್ಕೆ ಮಾತ್ರ' ಎಂಬ ಷರಾ ಇರತಕ್ಕದ್ದು. ಷರಾ ಬರೆದು ಅದೇ ಮೌಂಟನ್ನು ರಸ್ತೆಯ ಕಾರಿಗೆ ತಾವೇ ಜೋಡಿಸಿಕೊಟ್ಟರೆ ಆ ಬಿಲ್ಲೇ ತಯಾರಕನ ವಿರುದ್ಧ ಸಾಕ್ಷಿಯಾಗುತ್ತದೆ.