ಹೊಸ ಊರಿನ ಅಂಗಡಿಬೀದಿ

ಗೃಹಸ್ಥನು ಹೊಸ ಊರಿಗೆ ಬಂದು ನೆಲಸಿದಾಗ ಮನೆಯ ಪರಿಚಯವಾಗುವುದಕ್ಕೆ ಒಂದು ವಾರ ಸಾಕು. ನೆರೆಹೊರೆಯವರ ಪರಿಚಯಕ್ಕೆ ಒಂದು ತಿಂಗಳು ಬೇಕು. ಅಂಗಡಿಬೀದಿಯ ಪರಿಚಯಕ್ಕೆ ಮಾತ್ರ ಒಂದು ವರ್ಷವಾದರೂ ಹಿಡಿಯುವುದು. ಋತುವಿಗೊಂದು ಪದಾರ್ಥವು ಬರುವುದರಿಂದ, ವರ್ಷದ ಚಕ್ರವು ಒಮ್ಮೆ ಪೂರ್ತಿಯಾಗಿ ತಿರುಗದೆ ಆ ನೆಲವು ಏನನ್ನು ಕೊಡಬಲ್ಲುದೆಂಬುದು ತಿಳಿಯಲಾರದು. ಪಾಠಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ನಾವು ನಂಜನಗೂಡಿನಲ್ಲಿ ಮನೆ ಮಾಡಿದೆವು. ಮೊದಲ ವರ್ಷದಲ್ಲಿ ಅಲ್ಲಿಯ ಅಂಗಡಿಬೀದಿಯು ನಮಗೆ ಕಲಿಸಿದ ಪಾಠವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಂಜನಗೂಡೆಂದೊಡನೆ ಶ್ರೀಕಂಠೇಶ್ವರನ ಸನ್ನಿಧಿಯೂ ಕಪಿಲಾನದಿಯೂ ನೆನಪಾಗುವಂತೆ ರಸಬಾಳೆಯೂ ನೆನಪಾಗುವುದು. ಊರಿಗೆ ಬಂದ ಮೊದಲ ಸೋಮವಾರ ದೇವರ ದರ್ಶನ ಮಾಡಿಕೊಂಡು ಹಿಂದಿರುಗುವಾಗ ಒಂದು ಅಂಗಡಿಯಲ್ಲಿ, “ನಂಜನಗೂಡಿನ ರಸಬಾಳೆಯೇ?” ಎಂದು ಕೇಳಿದೆವು. “ಇನ್ನೇನು ಸ್ವಾಮಿ, ಊರೇ ನಂಜನಗೂಡಲ್ಲವೆ?” ಎಂಬ ಉತ್ತರ ಬಂತು. ಆ ತರ್ಕಕ್ಕೆ ಮರುಳಾಗಿ ಕೇಳಿದ ಬೆಲೆಯನ್ನು ಕೊಟ್ಟು ಎರಡು ಚಿಪ್ಪು ತಂದೆವು. ಮನೆಯಾಕೆ ಒಂದು ಹಣ್ಣನ್ನು ಸುಲಿದು ತಿಂದು, “ಇಂಥ ಹಣ್ಣನ್ನು ಹಿಂದಿನ ಊರಿನಲ್ಲಿಯೂ ತಿನ್ನುತ್ತಿದ್ದೆವು. ಇದಕ್ಕಾಗಿ ಇಷ್ಟು ದೂರ ಬರಬೇಕಾಗಿತ್ತೆ?” ಎಂದರು.

ಸಂಶಯವನ್ನು ಪರಿಹರಿಸಿದವರು ನಮ್ಮ ಬೀದಿಗೆ ಸೊಪ್ಪು ತರುವ ವೃದ್ಧೆ. “ಅದು ರಸಬಾಳೆಯೇ ಸ್ವಾಮಿ, ಸುಳ್ಳಲ್ಲ. ಆದ್ರೆ ಹೊರಗಡೆ ಮಾಲು, ಲಾರೀಲಿ ಬರೋದು. ನಮ್ಮೂರ ಹಣ್ಣು ಬರೋದೇ ಅಪರೂಪ. ಬಂದಾಗ ನಾನೇ ಹೇಳ್ತೀನಿ, ಅವಸರ ಮಾಡ್ಬೇಡಿ” ಎಂದರು. ನ್ಯಾಯಶಾಸ್ತ್ರದಲ್ಲಿ ಛಲವೆಂದು ಹೇಳುವ ದೋಷಕ್ಕೆ ನಾವು ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ಉದಾಹರಣೆ ಕೊಟ್ಟಿದ್ದೆವು. ಅಂಗಡಿಯವನ ಬಾಯಿಂದ ಅದು ಬಂದಾಗ ಗುರುತಿಸಲಾರದೆ ಹೋದೆವು!

ಊರಿನ ಹಣ್ಣು ಊರಿನಲ್ಲಿಯೇ ಅಪರೂಪವಾದುದಕ್ಕೆ ಕಾರಣವುಂಟು. ಕಪಿಲೆಯ ತೀರದ ಮಣ್ಣಿನಲ್ಲಿ, ವಿಶೇಷವಾಗಿ ದೇವರಸನಹಳ್ಳಿಯ ಸುತ್ತಮುತ್ತ, ಬೆಳೆಯುತ್ತಿದ್ದ ಈ ಬಾಳೆಗೆ ಪನಾಮಾ ರೋಗವೆಂಬ ಸೊರಗುರೋಗ ತಗಲಿತು. ಇದು ಮಣ್ಣಿನಲ್ಲಿರುವ ಒಂದು ಶಿಲೀಂಧ್ರದಿಂದ ಬರುವುದು. ಬೇರಿನ ಮೂಲಕ ಒಳಹೊಕ್ಕು ನೀರೇರುವ ನಾಳಗಳನ್ನು ಕಟ್ಟಿಬಿಡುವುದರಿಂದ ಎಲೆಗಳು ಹಳದಿಗಟ್ಟಿ ಜೋತುಬೀಳುವುವು, ದಿಂಡು ಸೀಳುವುದು. ರೋಗ ಬಂದ ತೋಟದ ಕಂದನ್ನು ನೆಟ್ಟಲ್ಲಿ ಹೊಸ ತೋಟಕ್ಕೂ ರೋಗ ಹೋಗುವುದು. ಹರಿಯುವ ನೀರಿನಲ್ಲಿಯೂ ಗುದ್ದಲಿಗೆ ಅಂಟಿದ ಮಣ್ಣಿನಲ್ಲಿಯೂ ಹರಡುವುದು. ಒಮ್ಮೆ ಸೇರಿದ ಶಿಲೀಂಧ್ರವು ದಶಕಗಳವರೆಗೆ ಮಣ್ಣಿನಲ್ಲಿ ಉಳಿಯುವುದು. ಗ್ರೋ ಮಿಷೆಲ್ ಎಂಬ ಬಾಳೆಯು ಒಂದು ಕಾಲಕ್ಕೆ ಅಮೆರಿಕ, ಯೂರೋಪುಗಳ ಮಾರುಕಟ್ಟೆಯನ್ನೆಲ್ಲ ಆಳುತ್ತಿತ್ತು. ಅದೂ 1950ರ ದಶಕದ ಹೊತ್ತಿಗೆ ಇದೇ ರೋಗಕ್ಕೆ ಸೋತು ಕ್ಯಾವೆಂಡಿಷ್ ಬಾಳೆಗೆ ಸ್ಥಾನ ಬಿಟ್ಟಿತು. ನಮ್ಮ ಪೇಟೆಗಳ ಪಚ್ಚಬಾಳೆ ಆ ಕ್ಯಾವೆಂಡಿಷ್ ವಂಶದ್ದೇ. ಅಲ್ಲಿ ದೊಡ್ಡ ಕಂಪೆನಿಗಳು ಹಣ್ಣನ್ನು ಬದಲಾಯಿಸಿ ಬದುಕಿಕೊಂಡವು. ಇಲ್ಲಿಯ ಸಣ್ಣ ರೈತನು ರಸಬಾಳೆಯನ್ನು ಬಿಟ್ಟರೆ ಊರಿನ ಹೆಸರೇ ಬರಿದಾಗುವುದು. 2005ರಲ್ಲಿ ಈ ಹಣ್ಣಿಗೆ ಭೌಗೋಳಿಕ ಸೂಚಕವೆಂಬ ಕಾನೂನಿನ ರಕ್ಷಣೆ ದೊರೆಯಿತು. ಅಂಗಾಂಶ ಕೃಷಿಯಿಂದ ಪಡೆದ ನಿರೋಗಿ ಸಸಿಗಳನ್ನು ನೆಡುವ ಪ್ರಯತ್ನಗಳೂ ನಡೆದಿವೆ. ಆದರೆ ಕಾನೂನು ಹೆಸರನ್ನು ಕಾಯಬಲ್ಲುದು. ಗಿಡವನ್ನು ಕಾಯುವವನು ರೈತ. ರೈತನನ್ನು ಕಾಯುವವನು ಕೊಳ್ಳುವ ಗೃಹಸ್ಥ.

ಇದೇ ಮಾತು ಮಾಂಸದ ಪೇಟೆಗೂ ಸಲ್ಲುವುದೆಂಬುದನ್ನು ತಿರುಮಕೂಡಲು ನರಸೀಪುರದಲ್ಲಿ ಕಂಡೆವು. ನಮ್ಮದು ಮಾಂಸವನ್ನು ತಿನ್ನದ ಮನೆ. ಆದರೆ ಪಕ್ಕದ ಮನೆಯ ಗೌಡರು ಮಗಳೂ ಅಳಿಯನೂ ಹಬ್ಬಕ್ಕೆ ಬರುವರೆಂದು ಬನ್ನೂರು ಕುರಿಯ ಮಾಂಸವನ್ನು ಅರಸಿ ಹೊರಟಾಗ, “ಮೇಷ್ಟ್ರೇ, ನೀವು ತಿನ್ನದಿದ್ರೆ ಬೇಡ, ಸಂಗಮ ನೋಡ್ಕೊಂಡು ಬರೋಣ ಬನ್ನಿ” ಎಂದು ಕರೆದರು. ಕಾವೇರಿ ಕಪಿಲೆಯರು ಕೂಡುವೆಡೆಯಲ್ಲಿ ಸ್ನಾನ ಮಾಡಿ, ಗುಂಜಾ ನರಸಿಂಹಸ್ವಾಮಿಯ ದರ್ಶನ ಪಡೆದು, ಅವರೊಡನೆ ಪೇಟೆಗೆ ಹೋದೆವು.

ಬನ್ನೂರು ಇದೇ ತಾಲ್ಲೂಕಿನ ಊರು. ಬಂಡೂರು ಕುರಿ, ಮಂಡ್ಯದ ಕುರಿ ಎಂಬ ಹೆಸರುಗಳೂ ಆ ತಳಿಗೆ ಉಂಟು. ಕುಳ್ಳಾದ ಮೈ, ಗಿಡ್ಡ ಕಾಲು, ಅಗಲವಾದ ಬೆನ್ನು; ಸಾಮಾನ್ಯವಾಗಿ ಕೊಂಬಿಲ್ಲ. ಹಿಂದಿನಿಂದ ನೋಡಿದರೆ ತೊಡೆಗಳ ನಡುವಣ ಆಕಾರವು ಬೋರಲು ಹಾಕಿದ ಲಾಳದಂತೆ ಕಾಣುವುದೇ ಅದರ ಗುರುತು. ಮಾಂಸದ ಮೃದುತ್ವಕ್ಕೆ ಈ ತಳಿ ಹೆಸರಾದುದು. ಆದರೆ ಗಾತ್ರ ಸಣ್ಣದು. ತೂಕ ಹೆಚ್ಚು ಬರಲೆಂದು ದೊಡ್ಡ ಜಾತಿಯ ಟಗರುಗಳೊಡನೆ ಬೆರಸಿದ್ದರಿಂದ ಶುದ್ಧವಾದ ತಳಿಯು ಕಡಿಮೆಯಾಗುತ್ತ ಬಂದಿದೆ. ಗೌಡರು ಬನ್ನೂರು ಕುರಿಯೇ ಎಂದು ಕೇಳಿದಾಗ ಅಂಗಡಿಯ ಯಜಮಾನರು, “ಇವತ್ತಿಂದು ಬೆರಕೆ ಕಣಣ್ಣಾ. ಅಸಲಿ ಬೇಕು ಅಂದ್ರೆ ಎರಡು ದಿನ ಮೊದ್ಲೇ ಹೇಳಿ. ರೇಟೂ ಬೇರೆ” ಎಂದರು. ಗೌಡರು ಅದನ್ನೇ, ಅದರ ಬೆಲೆಗೇ ಕೊಂಡರು; ಮುಂದಿನ ಹಬ್ಬಕ್ಕೆ ಅಸಲಿಯನ್ನು ಹೇಳಿಟ್ಟು ಬಂದರು. ನಂಜನಗೂಡಿನಲ್ಲಿ ನಾವು ಕಾಣದ ಪ್ರಾಮಾಣಿಕತೆಯನ್ನು ಅಲ್ಲಿ ಕಂಡೆವೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಈ ಎಚ್ಚರಿಕೆ ಇಂದಿನದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು 1905ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಅದು ಅಚ್ಚಾಯಿತು. ಆ ಗ್ರಂಥದಲ್ಲಿ ತೂಕ ಅಳತೆಗಳಿಗೆ ಪೌತವಾಧ್ಯಕ್ಷನೆಂಬ ಅಧಿಕಾರಿಯುಂಟು. ಮಾಂಸದ ಕಟ್ಟೆಗೆ ಸೂನಾಧ್ಯಕ್ಷನುಂಟು. ಆಗತಾನೆ ಕೊಂದ ಪ್ರಾಣಿಯ ಮೂಳೆಯಿಲ್ಲದ ಮಾಂಸವನ್ನೇ ಮಾರಬೇಕು, ಮೂಳೆಯಿದ್ದರೆ ಅದರ ಬದಲು ಮಾಂಸವನ್ನು ಸೇರಿಸಿ ಕೊಡಬೇಕೆಂದು ವಿಧಿಯುಂಟು. ಇಂದು ಆ ಕೆಲಸಕ್ಕೆ ತೂಕದ ಇಲಾಖೆಯೂ 2006ರ ಆಹಾರ ಸುರಕ್ಷತೆಯ ಕಾಯಿದೆಯೂ ಇವೆ. ಆದರೆ ದಿನವೂ ಅಂಗಡಿಯ ಮುಂದೆ ನಿಲ್ಲುವ ಅಧ್ಯಕ್ಷನು ಗೃಹಸ್ಥನೇ.

ಹೊಸ ಊರಿಗೆ ಹೋಗುವ ವಾಚಕರು ಮೂರು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು, “ಇದು ಯಾವ ಪದಾರ್ಥ?” ಎಂದಲ್ಲ, “ಇದು ಯಾವ ಊರಿನಿಂದ ಬಂತು?” ಎಂದು ಕೇಳಬೇಕು. ಎರಡನೆಯದು, “ಇಂದಿನದು ಅಸಲಲ್ಲ” ಎಂದು ಒಮ್ಮೆಯಾದರೂ ಹೇಳಿದ ಅಂಗಡಿಯವನನ್ನು ಬಿಡಬಾರದು. ಮೂರನೆಯದು, ಅಸಲು ಬಂದಾಗ ಅದರ ಬೆಲೆಗೆ ಚೌಕಾಸಿ ಮಾಡಬಾರದು. ಆ ಹೆಚ್ಚಿನ ಹಣವು ಒಂದು ತಳಿಯ ಆಯುಸ್ಸಿಗೆ ನಾವು ಕೊಡುವ ಕಾಣಿಕೆ.

ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸೊಪ್ಪಿನ ವೃದ್ಧೆ ಬಾಗಿಲಲ್ಲಿ ನಿಂತು ಸೆರಗಿನ ಮರೆಯಿಂದ ಒಂದು ಚಿಪ್ಪು ತೆಗೆದರು. “ನಮ್ಮ ತಮ್ಮನ ತೋಟದ್ದು. ಈ ಸಲ ಇಪ್ಪತ್ತು ಗಿಡ ಉಳಿದವೆ” ಎಂದರು. ಸಿಪ್ಪೆ ತೆಳುವಾಗಿ ಹೊಂಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಹಣ್ಣು ಕಳಚುವಂತಿತ್ತು, ಕೋಣೆಯೆಲ್ಲ ಪರಿಮಳಿಸಿತು. ದೇವರಿಗೆ ನೈವೇದ್ಯ ಮಾಡಿ ಒಂದನ್ನು ಬಾಯಿಗಿಟ್ಟಾಗ ಸಿಹಿಯ ಹಿಂದೆ ಎಳೆಯ ಹುಳಿಯೊಂದು ಬಂದು ನಿಂತಿತು. ಮನೆಯಾಕೆ ಏನೂ ಹೇಳದೆ ಎರಡನೆಯದನ್ನು ಸುಲಿದರು. ನಾವು ಹೊರಗೆ ಬಂದು, “ಅಮ್ಮಾ, ಮುಂದಿನ ಗೊನೆಗೂ ಈಗಲೇ ಹಣ ತೆಗೆದುಕೊಳ್ಳಿ, ತಮ್ಮನಿಗೆ ಗಿಡ ಕೀಳಬೇಡವೆಂದು ಹೇಳಿ” ಎಂದೆವು.