ಮೇಷ್ಟ್ರು ನೋಡಿದ ಮ್ಯಾಥಮೆಟಿಕ್ಸ್ ಟೂರ್

ಎಡ್ ಶೀರನ್ ತನ್ನ ಹೊಸ ಟೂರ್‌ಗೆ 'ಲೂಪ್ ಟೂರ್' ಅಂತ ಹೆಸರಿಟ್ಟಿದ್ದಾನೆ. 2025ರ ಸೆಪ್ಟೆಂಬರ್ 12ಕ್ಕೆ ಬಿಡುಗಡೆಯಾದ 'ಪ್ಲೇ' ಆಲ್ಬಂ ಹಿಡಿದುಕೊಂಡು ದೇಶ ದೇಶ ಸುತ್ತುವ ಟೂರ್ ಇದು. 2026ರ ಜನವರಿಗೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಅಂತ ಪಟ್ಟಿ ಬಂದಾಗ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಹಾಕಿದೆ. ತಿಪಟೂರಿನಿಂದ ಅಪ್ಪನ ಮೆಸೇಜ್ ಬಂತು: "ಆ ಡಬ್ಬಿ ತುಳಿಯೋ ಹುಡುಗನಾ?"

ಹೌದು, ಅವನೇ. ನಮ್ಮಪ್ಪ ಅವನ ಕನ್ಸರ್ಟ್ ನೋಡಿದ್ದಾರೆ ಅಂದರೆ ನನ್ನ ಟೀಮಿನಲ್ಲಿ ಇನ್ನೂ ಯಾರೂ ನಂಬುವುದಿಲ್ಲ.

ಅಪ್ಪ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಶನಿವಾರ ಸಂಜೆ ಆಂಜನೇಯನ ಗುಡಿಯ ಭಜನೆಗೆ ಹಾರ್ಮೋನಿಯಂ ಅವರದ್ದೇ. ನಾನೂ ತಮ್ಮನೂ ಇಂಜಿನಿಯರಿಂಗ್ ಓದಿದ್ದು ಅವರ ಲೆಕ್ಕಾಚಾರದಂತೆ. ನಾನು ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಾ ಎಂಟು ವರ್ಷ ಕಳೆದೆ. ತಮ್ಮ ಎರಡು ವರ್ಷ ಬರೆದ. 2024ರ ಯುಗಾದಿ ಮುಗಿಸಿಕೊಂಡು ಬಂದವನೇ ಪೇಪರ್ ಹಾಕಿದ. ಒಂದು ಗಿಟಾರ್, ಒಂದು ಲೂಪ್ ಪೆಡಲ್ ಇಟ್ಟುಕೊಂಡು ಕೆಫೆಗಳಲ್ಲಿ ಹಾಡಲು ಶುರು ಮಾಡಿದ. ಅಪ್ಪ ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟರು. ಇಬ್ಬರ ನಡುವೆ ಅಮ್ಮನೇ ಸರ್ವರ್: ಇವರ ಮಾತು ಅವನಿಗೆ, ಅವನ ಮಾತು ಇವರಿಗೆ. ಒಮ್ಮೊಮ್ಮೆ ಅಮ್ಮನೂ ಹ್ಯಾಂಗ್ ಆಗುತ್ತಿದ್ದಳು.

2025ರ ಫೆಬ್ರವರಿಯಲ್ಲಿ ಶೀರನ್ ಬೆಂಗಳೂರಿಗೆ ಬರುತ್ತಾನೆ ಅಂತಾದಾಗ ನಾನು ಎರಡು ಟಿಕೆಟ್ ತಗೊಂಡೆ. ಬೆಲೆ ಎಷ್ಟು ಅಂತ ಅಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ.

"ಅಪ್ಪಾ, ಮ್ಯಾಥಮೆಟಿಕ್ಸ್ ಟೂರ್ ಅಂತೆ, ಬನ್ನಿ."

ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಗಾಳ ಬೇಕಾ? ಅವನ ಆಲ್ಬಂಗಳ ಹೆಸರೂ ಹೇಳಿದೆ. 2011ರಲ್ಲಿ ಪ್ಲಸ್, 2014ರಲ್ಲಿ ಗುಣಾಕಾರ, 2017ರಲ್ಲಿ ಭಾಗಾಕಾರ, 2021ರಲ್ಲಿ ಸಮ, 2023ರಲ್ಲಿ ಮೈನಸ್. ಅಪ್ಪ ಸುಮ್ಮನಿರಲಿಲ್ಲ. "ಸಮ ಹಾಕಿ ಉತ್ತರ ಬರೆದ ಮೇಲೆ ಮತ್ತೆ ಕಳೆಯೋಕೆ ಏನಿರುತ್ತೆ?"

ನಿಜ ಹೇಳಬೇಕೆಂದರೆ ಅಲ್ಲೇ ಕಥೆ ಇರುವುದು. 'ಸಮ' ಆಲ್ಬಂ ಟೂರ್ 2022ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಿಂದ ಹೊರಟಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ, ಹೆಸರಿಲ್ಲದ ಕಾಲದಲ್ಲಿ ಅವನನ್ನು ಬೆಳಕಿಗೆ ತಂದ ಗೆಳೆಯ ಜಮಾಲ್ ಎಡ್ವರ್ಡ್ಸ್ ತೀರಿಕೊಂಡಿದ್ದ. ಬಸುರಿ ಹೆಂಡತಿಗೆ ಗಡ್ಡೆ ಇರುವುದು ಗೊತ್ತಾಗಿತ್ತು, ಹೆರಿಗೆಯಾಗುವ ತನಕ ಚಿಕಿತ್ಸೆ ಮಾಡುವಂತಿರಲಿಲ್ಲ. ಆ ದಿನಗಳ ಹಾಡುಗಳೇ 'ಮೈನಸ್'. ಅಪ್ಪ ಕೇಳಿ "ಹ್ಞೂಂ" ಅಂದರು, ಅಷ್ಟೇ. ಬರಲು ಒಪ್ಪಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕನ್ಸರ್ಟ್ ಇದ್ದದ್ದು ತುಮಕೂರು ರಸ್ತೆಯ ಮಾದಾವರದ ನೈಸ್ ಮೈದಾನದಲ್ಲಿ. ತಿಪಟೂರಿನಿಂದ ಬಸ್ಸಿನಲ್ಲಿ ಬರುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ.

ಫೆಬ್ರವರಿ 8, ಶನಿವಾರ. ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಗೇಟಿನಲ್ಲೇ ಉಳಿಯಿತು. ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು, ಟವೆಲ್ ಹಾಸಿ ನೆಲದ ಮೇಲೆ ಕೂತರು. ಸುತ್ತ ನನ್ನ ವಯಸ್ಸಿನವರು, ನನಗಿಂತ ಚಿಕ್ಕವರು. ಒಂದು ಹುಡುಗಿ ಬಂದು "ಅಂಕಲ್, ಸೋ ಕ್ಯೂಟ್" ಅಂತ ಸೆಲ್ಫಿ ತೆಗೆದುಕೊಂಡಳು. ಅಪ್ಪ ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ಮುಖ ಮಾಡಿದರು.

ಹಾಡು ಶುರುವಾಯಿತು. ನಾಲ್ಕೈದು ನಿಮಿಷಕ್ಕೆ ಅಪ್ಪನ ಮೊದಲ ಆಕ್ಷೇಪ. "ಪುಟ್ಟಿ, ಇದು ಮೋಸ. ಹಿಂದೆ ಡ್ರಮ್ ಕೇಳ್ತಾ ಇದೆ, ಬಾರಿಸೋರು ಎಲ್ಲಿ? ಟೇಪ್ ಹಾಕಿದ್ದಾರೆ."

ಟೇಪ್ ಅಲ್ಲ ಅಂತ ವಿವರಿಸಲು ನನಗೆ ಎರಡು ಹಾಡು ಹಿಡಿಯಿತು. ಅವನ ಕಾಲ ಬಳಿ ಇರುವುದು ಲೂಪ್ ಸ್ಟೇಷನ್. ಒಮ್ಮೆ ತುಳಿದರೆ ರೆಕಾರ್ಡಿಂಗ್ ಶುರು, ಇನ್ನೊಮ್ಮೆ ತುಳಿದರೆ ಅಷ್ಟು ಹೊತ್ತಿನದ್ದು ಸುತ್ತು ಹಾಕಿಕೊಂಡು ಬರುತ್ತಲೇ ಇರುತ್ತದೆ. ಗಿಟಾರಿನ ಹೊಟ್ಟೆಗೆ ಅಂಗೈಯಲ್ಲಿ ತಟ್ಟಿದರೆ ಅದೇ ಡ್ರಮ್. ಅದರ ಮೇಲೆ ತಂತಿ, ಅದರ ಮೇಲೆ ಹಮ್ಮಿಂಗ್, ಮತ್ತೊಂದು ಸ್ವರದಲ್ಲಿ ಇನ್ನೊಂದು ಹಮ್ಮಿಂಗ್. ಪದರದ ಮೇಲೆ ಪದರ ಕಟ್ಟಿ ಆಮೇಲೆ ಹಾಡುತ್ತಾನೆ. ಹಾಡು ಮುಗಿದರೆ ಎಲ್ಲ ಅಳಿಸಿಹೋಗುತ್ತದೆ. ನಾಳೆ ಮತ್ತೆ ಮೊದಲಿನಿಂದ. ಮೊದಲ ತುಳಿತ ಚೂರು ತಡವಾದರೂ ಅದರ ಮೇಲೆ ಕಟ್ಟಿದ್ದೆಲ್ಲ ಕುಂಟುತ್ತದೆ. ನಾವು ಟೆಸ್ಟ್ ಮಾಡದೆ ನೇರ ಪ್ರೊಡಕ್ಷನ್‌ಗೆ ಕೋಡ್ ಬಿಟ್ಟ ಹಾಗೆ, ಅದೂ ಸಾವಿರಾರು ಜನ ನೋಡುತ್ತಿರುವಾಗ. 2015ರ ಜುಲೈನಲ್ಲಿ ಈತ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಬ್ಯಾಂಡ್ ಇಲ್ಲದೆ ಮೂರು ರಾತ್ರಿ ಹಾಡಿದ್ದು ಇದನ್ನೇ ನಂಬಿಕೊಂಡು.

ಅಪ್ಪ ಆಮೇಲೆ ಮುಖ ನೋಡಲಿಲ್ಲ. ದೊಡ್ಡ ಪರದೆಯಲ್ಲಿ ಕಾಲು ಕಾಣಿಸುತ್ತಾ ಅಂತ ಕಾಯುತ್ತಾ ಕೂತರು. ಕಂಡಾಗೆಲ್ಲ ತೊಡೆಯ ಮೇಲೆ ತಾಳ ಹಾಕಿ ಅಳತೆ ನೋಡುತ್ತಿದ್ದರು. 'ಪರ್ಫೆಕ್ಟ್' ಬಂದಾಗ ಸುತ್ತಲಿನವರೆಲ್ಲ ಫೋನಿನ ಲೈಟ್ ಹಿಡಿದು ಕರಗಿಹೋಗಿದ್ದರೆ ನಮ್ಮ ಮೇಷ್ಟ್ರು ಬೆರಳು ಮಡಚಿ ಎಣಿಸುತ್ತಿದ್ದರು.

ಎರಡನೇ ಆಕ್ಷೇಪ ನಾನು ಊಹಿಸದಿದ್ದದ್ದು. "ಮೂರು ಜನದ ಕೆಲಸ ಇವನೊಬ್ಬನೇ ಮಾಡಿದ್ರೆ ಆ ಮೂವರು ಏನು ತಿನ್ನಬೇಕು?"

ಎಐ ಬಂದ ಮೇಲೆ ನನ್ನ ಆಫೀಸಿನ ಕಾಫಿ ಮಷಿನ್ ಹತ್ತಿರ ಇದೇ ಪ್ರಶ್ನೆ ವಾರಕ್ಕೆರಡು ಸಲ ಬರುತ್ತದೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಟೂರ್‌ಗೆ ಟ್ರಕ್ಕು, ಲೈಟು, ಸೌಂಡು ಅಂತ ಎಷ್ಟೊಂದು ಜನರಿಗೆ ಕೆಲಸ ಇರುತ್ತದೆ ಅಂದೆ. ಅವನ 'ಭಾಗಾಕಾರ' ಟೂರ್ 2017ರಿಂದ 2019ರವರೆಗೆ 250ಕ್ಕೂ ಹೆಚ್ಚು ಶೋ ನಡೆದು 77 ಕೋಟಿ ಡಾಲರ್ ದಾಟಿತ್ತು ಅಂತಲೂ ಹೇಳಿದೆ. ಅಪ್ಪ ಡಾಲರನ್ನು ರೂಪಾಯಿಗೆ ಗುಣಿಸಲು ಹೋಗಿ ಅರ್ಧದಲ್ಲಿ ಬಿಟ್ಟರು. ನಾನು ಇನ್ನೊಂದು ಅಂಕಿ ಸೇರಿಸಿದೆ: ಮೊದಲ ಆಲ್ಬಂಗೆ ಮುಂಚೆ, ಗೆಳೆಯರ ಸೋಫಾಗಳ ಮೇಲೆ ಮಲಗುತ್ತಿದ್ದ ಕಾಲದಲ್ಲಿ, 2009ರ ಒಂದೇ ವರ್ಷ ಅವನು ಕೊಟ್ಟ ಕಾರ್ಯಕ್ರಮ 300ಕ್ಕೂ ಹೆಚ್ಚು.

"ಸೋಫಾ ಮೇಲೆ" ಅಂದರು ಅಪ್ಪ. ತಮ್ಮ ಆಗ ಮಲಗುತ್ತಿದ್ದದ್ದೂ ನನ್ನ ಹಾಲ್‌ನ ಸೋಫಾ ಮೇಲೆಯೇ.

ಕೊನೆಯ ಹಾಡಿಗೆ ಮುಂಚೆಯೇ ಎದ್ದೆವು. ತೇರು ನಿಂತ ಮೇಲೆ ಜಾತ್ರೆಯಿಂದ ಹೊರಡಬಾರದು ಅನ್ನುವುದು ಅಪ್ಪನ ಸಿದ್ಧಾಂತ. ಮೆಟ್ರೋ ಸ್ಟೇಷನ್ ಕಡೆ ನಡೆಯುವಾಗ, ಹಿಂದಿನಿಂದ 'ಶೇಪ್ ಆಫ್ ಯೂ' ಅಂತ ಯಾರೋ ಗಂಟಲು ಹರಿದುಕೊಳ್ಳುತ್ತಿದ್ದಾಗ, ಕೇಳಿದರು: "ಅವನೂ ಹೀಗೇ ತುಳೀತಾನಾ?"

ಹತ್ತು ತಿಂಗಳಲ್ಲಿ ತಮ್ಮನ ಬಗ್ಗೆ ಬೈಗುಳವಲ್ಲದ ಮೊದಲ ವಾಕ್ಯ. ತಮ್ಮ ಆ ರಾತ್ರಿ ನಮ್ಮ ಜೊತೆ ಇರಲಿಲ್ಲ, ಕೆಫೆಯೊಂದರಲ್ಲಿ ಅವನದ್ದೇ ಶೋ ಇತ್ತು. ಹದಿನೆಂಟು ಜನ ಬಂದಿದ್ದರಂತೆ. ಊರಿಗೆ ಊರೇ ಮಾದಾವರದಲ್ಲಿತ್ತಲ್ಲ.

ಮರುದಿನ ಭಾನುವಾರ ಬೆಳಗ್ಗೆ ಶೀರನ್ ಚರ್ಚ್ ಸ್ಟ್ರೀಟ್ ಫುಟ್‌ಪಾತ್ ಮೇಲೆ ಗಿಟಾರ್ ಹಿಡಿದು ನಿಂತ. ಪೊಲೀಸರು ಬಂದು ಮೈಕಿನ ವೈರ್ ಕಿತ್ತರು. ಅನುಮತಿ ಇತ್ತು ಅಂತ ಅವನು ಬರೆದುಕೊಂಡ, ಕೊಟ್ಟಿರಲಿಲ್ಲ ಅಂತ ಪೊಲೀಸರು ಹೇಳಿದರು. ಟಿವಿಯಲ್ಲಿ ಅದೇ ದೃಶ್ಯ ತಿರುಗಿ ತಿರುಗಿ ಬರುತ್ತಿತ್ತು, ಅದೂ ಒಂದು ಲೂಪೇ. ಅಷ್ಟೊತ್ತಿಗೆ ತಮ್ಮ ಗಿಟಾರ್ ಚೀಲ ಹೊತ್ತು ಒಳಗೆ ಬಂದ. ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದರು.

"ನಿಂಗೂ ಹಿಂಗೇ ಮಾಡಿದ್ರಾ ಯಾವತ್ತಾದ್ರೂ?"

"ಎರಡು ಸಲ."

"ಪರ್ಮಿಷನ್ ತಗೊಳ್ಳೋದು ತಾನೆ."

"ತಗೋಬೇಕಿತ್ತು."

ಅಮ್ಮ ಇಲ್ಲದೆ ಅವರಿಬ್ಬರು ಆಡಿದ ಮಾತು ಅವತ್ತು ಇಷ್ಟೇ. ನಾನು ಅಡುಗೆಮನೆಯಲ್ಲಿ ಅವರೆಕಾಳು ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ.

ಆ ಸಂಜೆಯ ಶೋನಲ್ಲಿ ಶಿಲ್ಪಾ ರಾವ್ ಜೊತೆ ತೆಲುಗಿನ 'ಚುಟ್ಟಮಲ್ಲೆ' ಹಾಡಿದ. ಚೆನ್ನೈನಲ್ಲಿ ರೆಹಮಾನ್ ಬಂದಿದ್ದರು. ಹಿಂದಿನ ವರ್ಷ ಮುಂಬೈನಲ್ಲಿ ದಿಲ್ಜಿತ್ ಜೊತೆ ಪಂಜಾಬಿ. ಬೆಂಗಳೂರಿಗೆ ಬಂದವನಿಗೆ ಕನ್ನಡದ ಒಂದು ಹಾಡು ಯಾರಾದರೂ ಕಲಿಸಬಾರದಿತ್ತಾ? ನನಗೆ ಇದು ಇನ್ನೂ ಚುಚ್ಚುತ್ತದೆ.

ಹಳೆ ಆಲ್ಬಂ ಹೆಸರಲ್ಲಿ ಬಂದ ಈ ಟೂರ್ ಹೊಸ ಆಲ್ಬಂ ಒಳಗೂ ಸೇರಿಕೊಂಡಿತು. ಅರಿಜಿತ್ ಸಿಂಗ್ ಜೊತೆಗಿನ 'ಸಫೈರ್' ಹಾಡಿನ ವಿಡಿಯೋ ಚಿತ್ರೀಕರಣವಾದದ್ದು ಇಲ್ಲಿ ಸುತ್ತಾಡುವಾಗ. 'ಪ್ಲೇ'ಯ ರೆಕಾರ್ಡಿಂಗ್ ಮುಗಿಸಿದ್ದು ಗೋವಾದಲ್ಲಿ. ಅಪ್ಪ ಆ ವಿಡಿಯೋವನ್ನು ಫೋನಿನಲ್ಲಿ ಮೂರು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದರು, ಮಂಕಿ ಕ್ಯಾಪ್ ಎಲ್ಲಾದರೂ ಕಾಣುತ್ತಾ ಅಂತ.

ಕಾರ್ತಿಕ ಮಾಸದಲ್ಲಿ ತಮ್ಮ ಪೆಡಲ್ ಸಮೇತ ತಿಪಟೂರಿಗೆ ಹೋದ. ಅಪ್ಪನೇ ಕರೆದಿದ್ದರು. ನಾನೂ ಹೋಗಿದ್ದೆ. ಗುಡಿಯಲ್ಲಿ ಎಲ್ಲರೂ ನೆಲದ ಮೇಲೆ ಕೂರುವುದರಿಂದ ಪೆಡಲನ್ನು ಮಂಡಿ ಪಕ್ಕ ಇಟ್ಟು ಕೈಯಲ್ಲೇ ಒತ್ತಿದ. ಗಿಟಾರಿಗೆ ತಟ್ಟಿ ತಾಳ ಕಟ್ಟಿದ, ಅಪ್ಪ ಹಾರ್ಮೋನಿಯಂ ಹಿಡಿದರು. ಎರಡು ನಿಮಿಷ ಚೆನ್ನಾಗೇ ಹೋಯಿತು. ಆದರೆ ಭಜನೆ ಅಂದರೆ ನಿಮಗೆ ಗೊತ್ತಲ್ಲ, ನಿಧಾನ ಶುರುವಾಗಿ ಬರಬರುತ್ತಾ ಏರಬೇಕು. ಜನ ಏರಿದರು, ಪೆಡಲ್ ಏರಲಿಲ್ಲ. ಚಪ್ಪಾಳೆ ಒಂದು ಕಡೆ, ಲೂಪ್ ಒಂದು ಕಡೆ. ಅಪ್ಪ ತಿದಿ ಬಿಟ್ಟು ಕೈ ಎತ್ತಿದರು.

"ಇದಕ್ಕೆ ಏರೋದೇ ಗೊತ್ತಿಲ್ವಲ್ಲೋ!"

ಮೂರು ವೇಗದಲ್ಲಿ ಮೂರು ಲೂಪ್ ಮಾಡಿ ಒಂದರಿಂದ ಒಂದಕ್ಕೆ ಜಿಗಿಯಬಹುದು ಅಂತ ತಮ್ಮ ಏನೋ ಹೇಳತೊಡಗಿದ. ಅಷ್ಟರಲ್ಲಿ ಇಷ್ಟು ವರ್ಷದಿಂದ ತಬಲಾ ನುಡಿಸುವ, ಅವತ್ತು ಸುಮ್ಮನೆ ಕೂತಿದ್ದ ನಮ್ಮ ಬೀದಿಯ ಟೈಲರ್ ಮಾವ ಕೇಳಿದರು, "ಮೇಷ್ಟ್ರೇ, ಮುಂದಿನ ಶನಿವಾರ ನಾನು ಬರ್ಲೋ ಬೇಡ್ವೋ?"

"ಬಾರಪ್ಪ, ಏರಿಸೋಕೆ ಯಾರಾದ್ರೂ ಬೇಕಲ್ಲ" ಅಂದರು ಅಪ್ಪ.

ಮರುದಿನ ಬಸ್ ಸ್ಟ್ಯಾಂಡಿಗೆ ಬಿಡಲು ಬಂದಾಗ ತಮ್ಮನ ಗಿಟಾರ್ ಚೀಲ ಅವರೇ ಹೊತ್ತುಕೊಂಡಿದ್ದರು. ಬಸ್ಸು ಹೊರಡುವ ತನಕ ಕಿಟಕಿ ಪಕ್ಕ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಪಿಎಫ್‌ಗೆ ಏನು ಮಾಡ್ತೀಯೋ?"