ಸೋರಿಯಾಸಿಸ್ ಇದ್ದವರ ದವಡೆಯನ್ನೂ ನೋಡಿ

ಸೋರಿಯಾಸಿಸ್ ಇರುವವರಿಗೆ ಕಿವಿಯ ಮುಂದೆ ನೋವು ಬಂದರೆ ಅವರು ಹಲ್ಲಿನ ವೈದ್ಯರಲ್ಲಿಗೆ ಹೋಗುತ್ತಾರೆ. ಚರ್ಮದ ಕಾಯಿಲೆಯ ಮಾತು ಅಲ್ಲಿ ಬರುವುದೇ ಇಲ್ಲ. ಅದು ಬರಲೇಬೇಕು ಎಂಬುದು ನನ್ನ ವಾದ. ಸೋರಿಯಾಸಿಸ್ ಇರುವವರಲ್ಲಿ ಶೇ 30ರವರೆಗೆ ಮಂದಿಗೆ ಸೋರಿಯಾಟಿಕ್ ಸಂಧಿವಾತ ಬರಬಹುದು. ಹೆಚ್ಚಿನವರಲ್ಲಿ ಚರ್ಮದ ಕಲೆ ಕಾಣಿಸಿ ವರ್ಷಗಳಾದ ಮೇಲೆ ಕೀಲು ನೋಯತೊಡಗುತ್ತದೆ, ಹಾಗಾಗಿ ಎರಡನ್ನೂ ಜೋಡಿಸಿ ನೋಡುವುದು ತಪ್ಪಿಹೋಗುತ್ತದೆ. ದವಡೆಯದೂ ಮೊಣಕಾಲಿನಂತೆ ಒಳಪೊರೆಯುಳ್ಳ ಕೀಲೇ. ಆ ಪೊರೆಗೆ ಉರಿಯೂತ ತಗುಲಿದರೆ ಬೆಳಿಗ್ಗೆ ಬಾಯಿ ಬಿಗಿಯುತ್ತದೆ, ಆಕಳಿಸಿದರೆ ನೋಯುತ್ತದೆ, ಗಟ್ಟಿ ರೊಟ್ಟಿ ಅಗಿಯುವಾಗ ಕರಕರ ಸದ್ದು ಬರುತ್ತದೆ. ಎಷ್ಟೋ ಸಲ ಒಂದೇ ಬದಿಯಲ್ಲಿ. ಉರಿಯೂತ ಹಾಗೇ ಉಳಿದರೆ ಕೆಳದವಡೆಯ ಮೂಳೆಯ ತುದಿ ಸವೆದು, ಹಿಂದಿನ ಹಲ್ಲುಗಳು ತಾಗಿದರೂ ಮುಂದಿನವು ಕೂಡದಂತಾಗಬಹುದು. ಸವೆದ ಮೂಳೆಯನ್ನು ಯಾವ ಮಾತ್ರೆಯೂ ಮೊದಲಿನಂತೆ ಮಾಡದು.

ದವಡೆ ನೋವು ಬಹಳ ಜನರಿಗಿದೆ, ಅದರಲ್ಲಿ ಹೆಚ್ಚಿನದು ಸ್ನಾಯುವಿನದು ಅಥವಾ ಹಲ್ಲು ಕಡಿಯುವ ಅಭ್ಯಾಸದ್ದು, ಎಲ್ಲರಿಗೂ ಎಂಆರ್‌ಐ ಮಾಡಿಸಲಾದೀತೇ ಎಂದು ಕೇಳುವವರಿದ್ದಾರೆ. ಆ ಮಾತು ನಿಜ, ಮಾಡಿಸಬೇಕಾಗಿಯೂ ಇಲ್ಲ. ಬಿಗಿತ ಬೆಳಿಗ್ಗೆ ಹೆಚ್ಚೇ, ಬೇರೆ ಕೀಲು ಅಥವಾ ಹಿಮ್ಮಡಿ ನೋಯುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್ ಇದೆಯೇ ಎಂದು ಕೇಳಿ, ತಲೆಯ ಚರ್ಮ, ಕಿವಿಯ ಹಿಂಬದಿ, ಉಗುರಿನ ಮೇಲಿನ ಸಣ್ಣ ಗುಳಿಗಳನ್ನು ನೋಡಿದರೆ ಯಾರನ್ನು ಮುಂದೆ ಕಳಿಸಬೇಕೆಂದು ತಿಳಿಯುತ್ತದೆ. ರಕ್ತಪರೀಕ್ಷೆ ಸರಿಯಿದೆ ಎಂದು ಕೈಬಿಡುವುದು ದೊಡ್ಡ ತಪ್ಪು. ಈ ಸಂಧಿವಾತದಲ್ಲಿ ರುಮಟಾಯ್ಡ್ ಸಂಧಿವಾತಕ್ಕೆ ನೋಡುವ ಆರ್‌ಎ ಫ್ಯಾಕ್ಟರ್ ಸಾಮಾನ್ಯವಾಗಿ ನೆಗೆಟಿವ್ ಇರುತ್ತದೆ, ಉರಿಯೂತ ತೋರಿಸುವ ಇಎಸ್‌ಆರ್ ಕೂಡ ಸಹಜವಾಗಿರಬಹುದು. ಹಲ್ಲಿನ ಪೂರ್ಣ ಎಕ್ಸ್‌ರೇಯಲ್ಲಿ ಕಾಣುವಷ್ಟರಲ್ಲಿ ಮೂಳೆ ಆಗಲೇ ಸವೆದಿರುತ್ತದೆ.

ನೋಯುವ ಕೀಲುಗಳನ್ನು ವೈದ್ಯರು ಪಟ್ಟಿ ಹಿಡಿದು ಎಣಿಸುವುದರಲ್ಲೂ ಒಂದು ತೊಡಕಿದೆ. ಸೋರಿಯಾಟಿಕ್ ಸಂಧಿವಾತಕ್ಕೆಂದು ಬಳಸುವ 68 ಕೀಲುಗಳ ಪಟ್ಟಿಯಲ್ಲಿ ದವಡೆ ಇದೆ. ರುಮಟಾಯ್ಡ್ ಸಂಧಿವಾತಕ್ಕಾಗಿ ಬಂದ 28 ಕೀಲುಗಳ ಪಟ್ಟಿಯಲ್ಲಿ ಇಲ್ಲ. ಸಮಯ ಉಳಿಸಲು ಚಿಕ್ಕ ಪಟ್ಟಿ ಹಿಡಿದರೆ ದವಡೆಯನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಹೇಗೂ ಮೆಥೊಟ್ರೆಕ್ಸೇಟ್ ಅಥವಾ ಬಯಾಲಾಜಿಕ್ ಚುಚ್ಚುಮದ್ದು ಕೊಡುತ್ತೇವೆ, ದವಡೆಯನ್ನು ಬೇರೆಯಾಗಿ ಗುರುತಿಸಿ ಏನು ಪ್ರಯೋಜನ ಎನ್ನಬಹುದು. ಪ್ರಯೋಜನವಿದೆ: ಬೆರಳುಗಳು ಸುಧಾರಿಸಿ ದವಡೆಯಲ್ಲಿ ಉರಿಯೂತ ಉಳಿದಿದ್ದರೆ ಔಷಧ ಬದಲಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ, ಹಲ್ಲಿಗೆ ಕ್ಯಾಪ್, ಬ್ರಿಡ್ಜ್ ಹಾಕುವವರು ಕಚ್ಚು ಸ್ಥಿರವಾಗುವವರೆಗೆ ಕಾಯಬಹುದು. ಬಾಯಿ ಎಷ್ಟು ತೆರೆಯುತ್ತದೆಂದು ಪ್ರತಿ ಭೇಟಿಯಲ್ಲೂ ಸ್ಕೇಲಿನಿಂದ ಅಳೆದು ಬರೆದಿಟ್ಟರೆ ಸಾಕು, 45 ಮಿ.ಮೀ. ಇದ್ದದ್ದು 30ಕ್ಕೆ ಇಳಿದದ್ದು ಗೊತ್ತಾಗುತ್ತದೆ.